ಹನ್ನೊಂದು ಮಂದಿ ನಿಲ್ಸ್

ಕೆಲವರಿಗೆ ಸಿಗರೇಟು ಬಿಡಲಾಗದು, ಕೆಲವರಿಗೆ ಸಿಹಿತಿಂಡಿ. ನನಗೆ ಬಿಡಲಾಗದ್ದು ‘ಅದಕ್ಕೇನಂತೆ, ನಾನು ಮಾಡಿಕೊಡ್ತೀನಿ’ ಎನ್ನುವ ಮಾತು. ಎದುರಿಗಿದ್ದವರು ಸಹಾಯ ಕೇಳುವುದೂ ಬೇಡ, ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಈ ಮಾತು ತಾನಾಗಿ ಉದುರುತ್ತದೆ. ಹೀಗೆ ಒಪ್ಪಿಕೊಂಡು ಕಚೇರಿಯ ಮೂರು ಬೀಳ್ಕೊಡುಗೆಗಳಿಗೆ ಬಿರಿಯಾನಿ ಮಾಡಿ ಹೊತ್ತಿದ್ದೇನೆ. ನೀರು ಕಂಡರೆ ಹೆದರುವವಳು ಮಗಳ ಈಜು ತರಗತಿಯ ಪೋಷಕರ ಪ್ರತಿನಿಧಿಯಾಗಿದ್ದೇನೆ. ಅಷ್ಟಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಸತ್ತು ಒಂದೂವರೆ ಶತಮಾನವಾದ ಸ್ವೀಡನ್ನಿನ ರೈತನೊಬ್ಬನನ್ನು ಹುಡುಕಿಕೊಡುತ್ತೇನೆಂದು ಹೋದ ಶರತ್ಕಾಲದಲ್ಲಿ ಮಾತು ಕೊಟ್ಟುಬಿಟ್ಟೆ.

ನಾವಿರುವುದು ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾ ಊರಿನ ಅಂಚಿನಲ್ಲಿ. ಪಕ್ಕದ ಮನೆಯ ಗುನ್ವೋರ್‌ಗೆ ಎಂಬತ್ತೆರಡು ವರ್ಷ. ಇಲ್ಲಿ ಅಂಥ ಹಿರಿಯರನ್ನೂ ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗುವ ಕೂಸು ಹೆಸರು ಹಿಡಿದೇ ಕರೆಯುತ್ತದೆ. ನನ್ನ ನಾಲಿಗೆ ಇನ್ನೂ ಅದಕ್ಕೆ ಒಗ್ಗಿಲ್ಲ. ಬಾಯಲ್ಲಿ ಗುನ್ವೋರ್ ಎಂದರೂ ಮನಸ್ಸಿನಲ್ಲಿ ಗುನ್ವೋರಮ್ಮ ಎಂದುಕೊಳ್ಳುತ್ತೇನೆ. ಭಾನುವಾರ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ನಮ್ಮಿಬ್ಬರದು ಫೀಕಾ, ಅಂದರೆ ಕಾಫಿ, ಒಂದು ಬನ್ನು, ಒಂದಿಷ್ಟು ಮಾತು. ಅಂಥದೊಂದು ಭಾನುವಾರ ಅವರು ನಿಟ್ಟುಸಿರು ಬಿಟ್ಟರು. ಅವರಿಗೊಂದು ತುಂಡು ಕಾಡಿದೆ. ಅದರೊಳಗೆ ಅವರ ಅಜ್ಜಿಯ ಅಜ್ಜ ನಿಲ್ಸ್ ಸ್ವೆನ್‌ಸನ್ ಬಾಳಿದ ತೋರ್ಪಿನ ಅಡಿಪಾಯ ಇನ್ನೂ ಉಳಿದಿದೆ. ತೋರ್ಪ್ ಎಂದರೆ ಹಿಂದೆ ಜಮೀನ್ದಾರರ ಕಾಡಿನಲ್ಲಿ ಬಡವರು ಮರ ಕಡಿದು, ಕಲ್ಲು ಕಿತ್ತು, ಹೊಲ ಮಾಡಿಕೊಂಡು ಕಟ್ಟಿದ ಪುಟ್ಟ ಮನೆ. ನಿಲ್ಸ್ ಒಬ್ಬನೇ ಹಾರೆಕೋಲು ಹಿಡಿದು ಆ ನೆಲವನ್ನು ಹಸನು ಮಾಡಿದನಂತೆ, ಎಮ್ಮೆ ಗಾತ್ರದ ಬಂಡೆಗಳನ್ನು ಉರುಳಿಸಿದನಂತೆ. ಊರಿನ ಇತಿಹಾಸ ಸಂಘದವರು ಅಲ್ಲೊಂದು ಫಲಕ ನೆಡುತ್ತಾರೆ, ಅದಕ್ಕೆ ಅವನ ಬಗ್ಗೆ ಎಂಟು ಸಾಲು ಬೇಕು. ಹಳೆಯ ಇಗರ್ಜಿ ದಾಖಲೆಗಳೆಲ್ಲ ಕಂಪ್ಯೂಟರಿನಲ್ಲಿವೆ, ಆದರೆ ಗುನ್ವೋರ್ ಕಣ್ಣಿಗೆ ಪರದೆಯ ಅಕ್ಷರ ಕಾಣುವುದಿಲ್ಲ. ಇನ್ನೇನು ಬೇಕು? ಎರಡು ಶನಿವಾರದ ಕೆಲಸ ಎಂದೆ.

ಮನೆಗೆ ಬಂದು ಹೇಳಿದಾಗ ನನ್ನ ಗಂಡ ರಫೀಕ್ ಫ್ರಿಡ್ಜಿನ ಕಡೆ ನೋಡಿದ. “ಪಾಸ್‌ಪೋರ್ಟ್ ರಿನ್ಯೂವಲ್ ಫಾರ್ಮ್ ಆರು ತಿಂಗಳಿಂದ ಅಲ್ಲೇ ಅಂಟ್ಕೊಂಡಿದೆ. ನೀನು ಬೇರೆಯವರ ತಾತನ್ನ ಹುಡುಕ್ತೀಯಾ?” ಎಂದ. ಬೆಂಗಳೂರಿನವನಿಗೆ ವಂಶಾಭಿಮಾನ ಎಲ್ಲಿಂದ ತಿಳಿಯಬೇಕು ಎಂದುಕೊಂಡೆ.

ಮೊದಲ ಶನಿವಾರ ಸಂಜೆಯ ಹೊತ್ತಿಗೆ ಆ ಒಂದೇ ಇಗರ್ಜಿಗೆ ಸೇರಿದ ಊರುಗಳಲ್ಲಿ ನನಗೆ ಹನ್ನೊಂದು ಮಂದಿ ನಿಲ್ಸ್ ಸ್ವೆನ್‌ಸನ್ ಸಿಕ್ಕಿದ್ದರು. ಆ ಕಾಲದವರಿಗೆ ಮನೆತನದ ಹೆಸರೇ ಇರಲಿಲ್ಲ. ಸ್ವೆನ್‌ನ ಮಗ ಸ್ವೆನ್‌ಸನ್, ಮಗಳು ಸ್ವೆನ್ಸ್‌ದೊತ್ತರ್. ನಿಲ್ಸ್‌ಗೆ ಮಗ ಹುಟ್ಟಿದರೆ ತಾತನ ಹೆಸರಿಟ್ಟು ಸ್ವೆನ್ ಎನ್ನುವುದು, ಆ ಸ್ವೆನ್‌ಗೆ ಮಗ ಹುಟ್ಟಿದರೆ ಮತ್ತೆ ನಿಲ್ಸ್ ಎನ್ನುವುದು. ಬೇರೆ ಹೆಸರೇ ಸಿಗಲಿಲ್ಲವೇ ನಿಮಗೆ ಎಂದು ಪರದೆಗೆ ಕೂಗಿದೆ. ಗುನ್ವೋರ್ ಬಳಿ ದೂರಿದರೆ, ನಿನ್ನ ಹೆಸರಿನ ಕೊನೆಗಿರುವ ಇಮಾಮಸಾಬ ಯಾರು ಎಂದು ಕೇಳಿದರು. ನನ್ನಪ್ಪ ಎಂದೆ. ಹಾಗಾದರೆ ನೀನೂ ಇಮಾಮಸಾಬ್ಸ್‌ದೊತ್ತರ್ ಅಲ್ಲವೇ ಎಂದು ಇನ್ನೊಂದು ಬನ್ನು ಮುಂದಿಟ್ಟರು. ಆ ಬನ್ನು ತಿಂದು ಬಂದೆ.

ಆಮೇಲೆ ಪಾದ್ರಿಗಳ ಕಾಟ. ಅಂದಿನ ಪಾದ್ರಿ ಪ್ರತಿ ವರ್ಷ ಮನೆಮನೆಯವರನ್ನೂ ಕೂರಿಸಿ ಧರ್ಮದ ಪಾಠ ಒಪ್ಪಿಸಿಕೊಂಡು, ಯಾರು ಎಷ್ಟು ಓದುತ್ತಾರೆ, ಓದಿದ್ದು ಎಷ್ಟು ಅರ್ಥವಾಗುತ್ತದೆ ಎಂದು ಗುರುತು ಹಾಕುತ್ತಿದ್ದ. ಒಳ್ಳೆಯದೇ. ಆದರೆ ಹಾಕಿದ ಗುರುತು ಇನ್ನೊಬ್ಬರಿಗೆ ತಿಳಿಯಬಾರದೆಂದು ಅವನಿಗೆ ಹಟವಿದ್ದಂತಿದೆ. ನಮ್ಮ ಕಡೆ ಹಳೆಯ ಕುಲಕರ್ಣಿಗಳು ಬರೆಯುತ್ತಿದ್ದ ಮೋಡಿ ಅಕ್ಷರ ಇದರ ಮುಂದೆ ಅಚ್ಚಿನ ಹಾಗೆ. ಒಂದೇ ತೋರ್ಪಿನ ಹೆಸರನ್ನು ಐದು ಬಗೆಯಲ್ಲಿ ಬರೆದಿದ್ದಾನೆ. ಒಂದು ಕಡೆ ಶಾಯಿ ಚೆಲ್ಲಿದೆ, ಅದರ ಮೇಲೆ ಯಾರೋ ಅಡ್ಡಗೆರೆ ಎಳೆದಿದ್ದಾರೆ. ಕಚೇರಿಯಲ್ಲಿ ನಾನು ಸಾಫ್ಟ್‌ವೇರಿನ ತಪ್ಪು ಹುಡುಕುವವಳು. ಇಂಥದ್ದು ಕೈಗೆ ಬಂದಿದ್ದರೆ ಮೊದಲ ದಿನವೇ ವಾಪಸು ಕಳಿಸುತ್ತಿದ್ದೆ. ನಮ್ಮದು ಹುಬ್ಬಳ್ಳಿ ಕಡೆಯ ಹತ್ತಿ ಹಿಂಜುವವರ ಮನೆತನ. ಅಪ್ಪ ಹತ್ತಿ ಹಿಂಜಿದರು, ನಾನು ಮಾತು ಹಿಂಜುತ್ತೇನೆ ಎಂದು ಅವ್ವ ಬೈಯುವುದುಂಟು. ಆ ಚಳಿಗಾಲವೆಲ್ಲ ನಾನು ಹಿಂಜಿದ್ದು ಪಾದ್ರಿಗಳ ಬರಹವನ್ನು. ಎರಡು ಶನಿವಾರ ಐದು ತಿಂಗಳಾದವು. ಮಗಳು ಸನಾ ಸ್ನೇಹಿತೆಯರಿಗೆ, ಅಮ್ಮನಿಗೆ ಸತ್ತವರ ಜೊತೆ ಓಡಾಟ ಎಂದು ಸ್ವೀಡಿಷ್‌ನಲ್ಲಿ ಹೇಳುವುದು ಕಿವಿಗೆ ಬಿತ್ತು.

ಮಾರ್ಚಿನಲ್ಲಿ ಕೊನೆಗೂ ಸರಿಯಾದ ನಿಲ್ಸ್ ಸಿಕ್ಕಿದ. ಸಿಕ್ಕ ಸಂತೋಷ ಹತ್ತು ನಿಮಿಷವೂ ಉಳಿಯಲಿಲ್ಲ. ಅವನು ತೋರ್ಪಿಗೆ ಬಂದದ್ದು ಕಾಡು ಕಡಿದು ಹೊಲ ಮಾಡಲು ಅಲ್ಲ, ಕೂಲಿ ಆಳಾಗಿ. ಅವನು ಬರುವ ಆರು ವರ್ಷ ಮೊದಲೇ ಆ ಮನೆಯಲ್ಲಿ ಶಿರ್‌ಸ್ತಿನ್ ಎಂಬ ಹೆಂಗಸು ಮೂರು ಮಕ್ಕಳೊಂದಿಗೆ ಇದ್ದಳು. ಅವಳ ಮೊದಲ ಗಂಡ ತೋರ್ಪಿಗೆ ಬಂದ ವರ್ಷವೇ ತೀರಿಕೊಂಡಿದ್ದ. ಆಮೇಲೆ ನಿಲ್ಸ್ ಬಂದ, ಎರಡು ವರ್ಷಕ್ಕೆ ಅವಳನ್ನೇ ಮದುವೆಯಾದ. ಅವನ ಹೆಸರಿನ ಮುಂದೆ ಪಾದ್ರಿ ಬರೆದಿದ್ದು ಇಷ್ಟೇ: ಓದು ಸಾಧಾರಣ, ಅರ್ಥ ಕಡಿಮೆ, ಪ್ರಾರ್ಥನೆಯ ವೇಳೆ ನಿದ್ದೆ ಮಾಡಿದ್ದಕ್ಕೆ ಬುದ್ಧಿ ಹೇಳಲಾಗಿದೆ.

ಎಂಬತ್ತೆರಡು ವರ್ಷ ಒಬ್ಬ ವೀರನ ಕತೆ ಕೇಳಿಕೊಂಡು ಬದುಕಿದವರಿಗೆ ಇದನ್ನು ಹೇಗೆ ಹೇಳುವುದು? ನಾನು ಹೇಳಲಿಲ್ಲ. ಮೂರು ಭಾನುವಾರ ಬನ್ನು ತಿಂದು, ಇನ್ನೂ ನೋಡ್ತಿದ್ದೀನಿ ಎಂದು ಎದ್ದು ಬಂದೆ. ನಾಲ್ಕನೆಯ ಭಾನುವಾರ ಅವರೇ ಒಂದು ಸುದ್ದಿ ತೆಗೆದರು. ಆ ಜಮೀನ್ದಾರರ ಮನೆಯವರು ತೋರ್ಪುಗಳನ್ನು ತಪಾಸಣೆ ಮಾಡಿ ಬರೆಸಿದ ಕಡತಗಳು ಲುಂಡ್‌ನ ದಾಖಲೆ ಮಂದಿರದಲ್ಲಿವೆಯಂತೆ, ಹೋಗೋಣ ಎಂದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ರೈಲು ಹತ್ತಿದೆವು.

ಅಲ್ಲಿ ನಮ್ಮಿಬ್ಬರ ಸ್ಥಿತಿ ಕುರುಡ-ಕುಂಟರ ಜೋಡಿಯಂತಾಯಿತು. ಅಕ್ಷರ ನನಗೆ ಕಾಣುತ್ತದೆ, ಹಳೆಯ ಸ್ವೀಡಿಷ್ ತಿಳಿಯದು. ಅವರಿಗೆ ಭಾಷೆ ತಿಳಿಯುತ್ತದೆ, ಅಕ್ಷರ ಕಾಣದು. ನಾನು ಒಂದೊಂದೇ ಅಕ್ಷರ ಹೇಳುವುದು, ಅವರು ಕಣ್ಣು ಮುಚ್ಚಿ ಪದ ಕೂಡಿಸುವುದು. ಶಿರ್‌ಸ್ತಿನ್‌ಳ ಮೊದಲ ಗಂಡ ಸತ್ತ ವರ್ಷದ ತಪಾಸಣೆಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಉಳಲಾಗಿದೆ ಎಂದಿತ್ತು. ನಿಲ್ಸ್ ಬರುವ ಹಿಂದಿನ ವರ್ಷದ ಹಾಳೆ ತಿರುಗಿಸಿದೆ. ಮೂರು ಹೊಲ, ಸುತ್ತ ಕಲ್ಲಿನ ಗೋಡೆ. ಕೊನೆಯ ಸಾಲಿನ ಒಂದು ಪದ ನನಗೂ ಅರ್ಥವಾಯಿತು. ಆ ಸಾಲು ಅಳಿಸಿಹೋಗಿದೆ ಎಂದೆ.

“ಅಳಿಸಿದ್ದನ್ನೇ ಹೇಳು,” ಎಂದರು ಗುನ್ವೋರ್.

ಇ, ಎನ್, ಕೆ, ಎ, ಎನ್ ಎಂದೆ. ಅವರ ತುಟಿ ಆಡಿತು. ವಿಧವೆ. ಮುಂದೆ, ಎಂದರು. ಪೂರ್ತಿ ಸಾಲು ಕೂಡಿಸಿದಾಗ ಸಿಕ್ಕಿದ್ದು ಇಷ್ಟು: ಎಲ್ಲವನ್ನೂ ವಿಧವೆ ತನ್ನ ಕೈಯಾರೆ ಮಾಡಿದ್ದಾಳೆ.

ಹಿಂದಿರುಗುವ ರೈಲಿನಲ್ಲಿ ಗುನ್ವೋರ್ ಮುಖ ಕಿಟಕಿಯ ಕಡೆಗೇ ಇತ್ತು. ಅರ್ಧ ದಾರಿಯಲ್ಲಿ ನನ್ನ ಕಡೆ ತಿರುಗಿ, ನಿನಗೆ ಇದು ಮೊದಲೇ ಗೊತ್ತಿತ್ತಾ ಎಂದು ಕೇಳಿದರು. ಸ್ವಲ್ಪ ಗೊತ್ತಿತ್ತು, ನಿಮಗೆ ನೋವಾಗುತ್ತೆ ಅಂತ ಹೇಳಲಿಲ್ಲ ಎಂದೆ.

“ನಿಲ್ಸ್ ನನ್ನ ತಾತನಾದರೆ ಅವಳೂ ನನ್ನ ಅಜ್ಜಿಯೇ ತಾನೆ,” ಎಂದರು. “ನನಗೆ ನೋವಾಗಿದ್ದು ಅದಕ್ಕಲ್ಲ. ಎಂಬತ್ತೆರಡು ವರ್ಷ ಅವಳ ಸುದ್ದಿ ನನಗೆ ಯಾರೂ ಹೇಳಲಿಲ್ಲ. ಹೇಳಬಹುದಾಗಿದ್ದ ನೀನೂ ಒಂದು ತಿಂಗಳು ಮುಚ್ಚಿಟ್ಟೆ.”

ನಾನು ಕಾಲಿನ ಬೂಟು ನೋಡುತ್ತ ಕುಳಿತೆ.

ಸಂಘದವರದು ಬೇರೆಯದೇ ತಕರಾರು. ಫಲಕಕ್ಕೆ ‘ನಿಲ್ಸ್‌ನ ತೋರ್ಪು’ ಎಂದು ಆಗಲೇ ಬರೆಸಿಯಾಗಿದೆಯಂತೆ. ಸ್ವೀಡನ್ನಿನ ಸಭೆಯಲ್ಲಿ ಯಾರೂ ಆಗುವುದಿಲ್ಲ ಎನ್ನುವುದಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ, ಕಾಫಿ ಕುಡಿಯುತ್ತಾರೆ, ಏನೂ ಆಗುವುದಿಲ್ಲ. ಎರಡನೆಯ ಸುತ್ತು ಕಾಫಿಯಾದ ಮೇಲೆ ಗುನ್ವೋರ್ ಮೆಲ್ಲಗೆ ಒಂದು ವಿಷಯ ಜ್ಞಾಪಿಸಿದರು. ಫಲಕ ನೆಡುವ ಜಾಗ ತನ್ನದು, ಅಲ್ಲಿಗೆ ಹೋಗುವ ಕಾಲುದಾರಿಯೂ ತನ್ನದು. ಮುಂದಿನ ವಾರವೇ ಬಣ್ಣ ಬಳಿಯುವವರು ಸಿಕ್ಕಿದರು.

ಜೂನಿನ ಒಂದು ಮಧ್ಯಾಹ್ನ ನಾವು ಹದಿನೈದು ಜನ ಕಾಡಿನಲ್ಲಿ ಸೊಳ್ಳೆ ಹೊಡೆದುಕೊಳ್ಳುತ್ತ ನಿಂತಿದ್ದಾಗ ಗುನ್ವೋರ್ ಎಂಟು ಸಾಲನ್ನೂ ಬಾಯಿಪಾಠವಾಗಿ ಹೇಳಿದರು. ಏಳು ಸಾಲು ಶಿರ್‌ಸ್ತಿನ್‌ಗೆ. ಎಂಟನೆಯದರಲ್ಲಿ ನಿಲ್ಸ್ ಬಂದು ಕೈಜೋಡಿಸಿದ. ಆಮೇಲೆ ಅವರು ಪಾಚಿ ಹಿಡಿದ ಕಲ್ಲುಗೋಡೆಯ ಮೇಲೆ ಅಂಗೈ ಊರಿ ನಿಂತರು. ಕಾಫಿ ಆರುತ್ತದೆ ಎಂದು ಕರೆದರೂ ಬರಲಿಲ್ಲ. ನನಗೂ ಕಣ್ಣು ಒದ್ದೆಯಾಯಿತು. ಸೊಳ್ಳೆ ಎಂದೆ.

ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅದೇ ಉತ್ಸಾಹದಲ್ಲಿ ಹುಬ್ಬಳ್ಳಿಗೆ ಫೋನು ಹಚ್ಚಿ, ಅವ್ವ, ನಿನ್ನ ಅಜ್ಜಿಯ ಅಜ್ಜಿ ಹೆಸರೇನು ಎಂದು ಕೇಳಿದೆ. ಅವ್ವನಿಗೆ ಗೊತ್ತಿರಲಿಲ್ಲ. ಹೋಗಲಿ, ಅಜ್ಜಿಯ ಹೆಸರು? ಅದೂ ಗೊತ್ತಿರಲಿಲ್ಲ. “ಹೆಸರು ಯಾರು ಕೇಳಿದ್ರವ್ವಾ? ಎಲ್ಲಾರೂ ಆಯಿ ಅಂತಿದ್ವಿ,” ಎಂದಳು. ಅಲ್ಲವ್ವ, ಸ್ವಂತ ಅಜ್ಜಿಯ ಹೆಸರು ಗೊತ್ತಿಲ್ಲ ಅಂದರೆ ಹೇಗೆ, ಇಲ್ಲಿನವರು ನೋಡು ಎಂದು ನಾನು ಭಾಷಣಕ್ಕೆ ಶುರುವಿಟ್ಟೆ. ಅವ್ವ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡಳು.

“ಆತು. ನಿನ್ನ ಮಗಳಿಗೆ ನನ್ನ ಹೆಸರು ಗೊತ್ತೈತೇನು?” ಎಂದಳು.

ಇದೂ ಒಂದು ಪ್ರಶ್ನೆಯೇ ಎಂದು ನಕ್ಕು, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ಸೋಫಾದ ಮೇಲಿದ್ದ ಸನಾಳನ್ನು ಕೇಳಿದೆ. ಅವಳು ಮೊಬೈಲಿನಿಂದ ತಲೆ ಎತ್ತದೆ, “ಮೊರ್‌ಮೊರ್,” ಎಂದಳು. ಸ್ವೀಡಿಷ್‌ನಲ್ಲಿ ಹಾಗೆಂದರೆ ಅಮ್ಮನ ಅಮ್ಮ. ಅಲ್ಲ, ಹೆಸರು ಹೇಳು, ಹೆಸರು ಎಂದು ಪಿಸುಗುಟ್ಟಿದೆ. ಅವಳು ಈ ಸಲ ತಲೆ ಎತ್ತಿ, ಅಮ್ಮನಿಗೆ ಏನಾಗಿದೆ ಎನ್ನುವಂತೆ ನೋಡಿ, ಅದೇ ಉತ್ತರವನ್ನು ಬಿಡಿಬಿಡಿಯಾಗಿ ಇನ್ನೊಮ್ಮೆ ಹೇಳಿದಳು.

ನಾನು ಫೋನಿನಿಂದ ಕೈ ತೆಗೆದು, “ಗೊತ್ತಂತೆ ಅವ್ವ,” ಎಂದೆ.