ಹಾಲಿನ ಕ್ಯಾನಿನಲ್ಲಿ ಕಾಟ್ಲಾ

ಆಂಜಿಯ ಪಾಡಿಗೆಲ್ಲ ಕಾರಣ ಅವನ ಫೋನು. ವಕ್ಕಲೇರಿ ಕಡೆಯ ಒಂದು ಸಣ್ಣ ಊರಿನ ಡೇರಿಯಲ್ಲಿ ಹಾಲು ಅಳೆಯುವ ಈ ಆಸಾಮಿ ಮೂರು ವರ್ಷದಿಂದ ಪ್ರತಿ ಭಾನುವಾರ ಗೌಸ್ ಮೊಹಿದ್ದೀನ್ ಅಂಗಡಿಯಲ್ಲಿ ಒಂದು ಮೀನು ಕೊಂಡು, ಅದನ್ನು ತನ್ನ ಗಾಳಕ್ಕೆ ಸಿಕ್ಕಿಸಿ, ಫೋಟೋ ತೆಗೆದು ನಂಗಲಿಯ ಮಾವನಿಗೆ ಕಳಿಸುತ್ತಿದ್ದ. 'ಈಗಷ್ಟೇ ಹಿಡಿದೆ ಮಾವಾ.' ನಿಜಕ್ಕೂ ಆ ಗಾಳಕ್ಕೆ ಬಿದ್ದಿದ್ದು ಹೆಬ್ಬೆರಳಷ್ಟು ಜಿಲೇಬಿ ಮೀನು, ಒಂದೇ ಒಂದು. ಅದೂ ಕಣ್ಣು ಕಾಣದ್ದಿರಬೇಕು.

ಮಾವ ದೊಡ್ಡವೆಂಕಟಪ್ಪ ಆ ಫೋಟೋಗಳನ್ನು ನಂಗಲಿ ಹೈವೇಯಲ್ಲಿ ನಿಲ್ಲುವ ಲಾರಿಯವರಿಗೆಲ್ಲ ತೋರಿಸಿ, ಅಳಿಯನ ಕೀರ್ತಿಯನ್ನು ಚಿತ್ತೂರು ದಾಟಿಸಿ ಮದ್ರಾಸಿನ ಸಮುದ್ರಕ್ಕೆ ಮುಟ್ಟಿಸಿದ್ದ. ಅಲ್ಲಿನ ತಿಮಿಂಗಿಲಗಳು ಆಂಜಿಯ ಹೆಸರು ಕೇಳಿ ನಡುಗುತ್ತಿದ್ದವಂತೆ.

ಶನಿವಾರ ಸಂಜೆ ಆ ಮಾವನೇ ಬಸ್ಸಿಳಿದ.

"ಏಮಿ ಅಲ್ಲುಡುಗಾರು," ಅಂದ ಅಳಿಯನಿಗೆ, ಗಡಿಯ ತೆಲುಗು ಬೆರೆಸಿ. "ನಾಳೆ ನೀವೇ ಹಿಡಿದ ಮೀನಿನ ಸಾರು ಉಂಡೇ ಊರಿಗೆ ಹೋಗೋದು ನಾನು."

ಆಂಜಿ ಹಿತ್ತಿಲಿಗೆ ಓಡಿ ಗೌಸ್‌ಗೆ ಫೋನು ಮಾಡಿದ. ಸ್ವಿಚಾಫ್. ಗೌಸ್ ಮದುವೆಗೆಂದು ಮುಳಬಾಗಿಲಿಗೆ ಹೋಗಿದ್ದ, ಅಂಗಡಿಗೆ ಬೀಗ.

"ಈಗೇನ್ ಮಾಡ್ತೀರಿ?" ಅಂದಳು ಹೆಂಡತಿ ವಾಣಿಶ್ರೀ. "ಹೋಗಿ ಒಂದಾದ್ರೂ ಹಿಡ್ಕೊಂಡ್ ಬನ್ನಿ. ನಮ್ಮಪ್ಪನ ಮುಂದೆ ನನ್ ತಲೆ ತಗ್ಗಿಸ್ಬೇಡಿ."

ಊರ ಕೆರೆಯ ಮೀನು ಗೌಸ್‌ನದೇ ಗುತ್ತಿಗೆ. ಕಾವಲಿಗೆ ಸೊಣ್ಣಪ್ಪ. ಕದ್ದು ಗಾಳ ಹಾಕಿ ಸಿಕ್ಕಿಬಿದ್ದರೆ ಪಂಚಾಯ್ತಿ, ಅದರ ಹಿಂದೆಯೇ ಡೇರಿ ಕೆಲಸಕ್ಕೂ ಕತ್ತರಿ. ಆದರೂ ಆಂಜಿ ರಾಗಿಮುದ್ದೆಯ ಚೂರು ಸಿಕ್ಕಿಸಿ ತೂಬಿನ ಮರೆಯಲ್ಲಿ ಕೂತ. ಕೋಲಾರ ಜಿಲ್ಲೆಯ ಅರ್ಧ ಸೊಳ್ಳೆಗಳು ಅವನ ಮೇಲೆ ಊಟ ಮುಗಿಸಿದವು, ಉಳಿದರ್ಧ ಎರಡನೇ ಪಂಕ್ತಿಗೆ ಕಾದವು. ಬೆಳಗಿನ ಜಾವ ನಾಲ್ಕು ಗಂಟೆಗೆ ದಾರ ಸರ್ರನೆ ಓಡಿತು.

ಎಳೆದರೆ ಕೆರೆಯ ತಳವೇ ಎದ್ದು ಬರುವಂಥ ಭಾರ. ದಾರ ಅಂಗೈ ಕೊಯ್ಯಿತು. ಕೆಮ್ಮಿದರೆ ಸೊಣ್ಣಪ್ಪನಿಗೆ ಕೇಳುತ್ತದೆಂದು ಕೆಮ್ಮನ್ನೂ ನುಂಗಿದ. ಬಿಟ್ಟ, ಎಳೆದ, ಮತ್ತೆ ಬಿಟ್ಟ. ಕೊನೆಗೆ ಸೊಂಟದುದ್ದ ನೀರಿಗಿಳಿದು ತಬ್ಬಿಕೊಂಡ. ಕಾಟ್ಲಾ. ತಕ್ಕಡಿ ಬೇಕಾದರೆ ನಾಲ್ಕು ಕೆಜಿ ಅನ್ನಲಿ, ಕತೆ ಹೇಳುವ ನಾನಂತೂ ಹದಿನಾಲ್ಕಕ್ಕೆ ಒಂದು ಗ್ರಾಮೂ ಇಳಿಸುವವನಲ್ಲ. ಆಂಜಿಯ ಕಣ್ಣು ತುಂಬಿತು. ಜೀವಮಾನದ ಮೊದಲ ದೊಡ್ಡ ಮೀನು, ಯಾರೂ ಚೀಲಕ್ಕೆ ಹಾಕಿ ಕೊಡದ ಮೀನು.

"ಯಾವನ್ಲಾ ಅದು?" ಕಟ್ಟೆಯ ಮೇಲೆ ಸೊಣ್ಣಪ್ಪನ ಟಾರ್ಚು.

ಆಂಜಿ ಮೀನನ್ನು ಕೂಸಿನಂತೆ ಎದೆಗವಚಿ ಓಡಿದ. ಮನೆಯ ದಾರಿಗೆ ಟಾರ್ಚು ಅಡ್ಡ ಬಂತು. ಸೀದಾ ಡೇರಿಗೆ ನುಗ್ಗಿ, ಖಾಲಿ ಕ್ಯಾನಿಗೆ ನೀರು ಸುರಿದು, ಮೀನನ್ನು ತುರುಕಿ ಮುಚ್ಚಳ ಬಿಗಿದ.

ಐದೂವರೆಗೆ ಹಾಲಿನವರು ಬಂದರು. ಮಗಳ ಮನೆಯ ಹಾಲು ಹಿಡಿದು ಮಾವ ಬಂದ. ರಾತ್ರಿಯೇ ಮದುವೆಯಿಂದ ವಾಪಸಾಗಿದ್ದ ಗೌಸ್ ತನ್ನ ಹಸುವಿನ ಹಾಲು ತಂದ. ಹಿಂದೆಯೇ ಸೊಣ್ಣಪ್ಪ, ಹಾಲಿಲ್ಲದೆ.

"ಕೆರೆ ಕಳ್ಳ ಈ ಕಡೇನೇ ಓಡಿಬಂದ. ನೋಡಿದೇನಪ್ಪಾ ಆಂಜಿ?"

"ಇಲ್ಲ ಸೊಣ್ಣಪ್ಪಣ್ಣ."

ದಬ್, ಅಂತು ಕ್ಯಾನು.

"ಏನ್ಲಾ ಅದು?"

"ಹಾಲು. ಹುಳಿ ಬಂದದೆ."

"ಹುಳಿ ಬಂದ ಹಾಲು ಕ್ಯಾನ್ ಒದೀತದಾ?"

ಸೊಣ್ಣಪ್ಪ ಮುಚ್ಚಳ ತೆಗೆದ. ಕಾಟ್ಲಾ ಒಮ್ಮೆ ಹೊರಳಿ ಅವನ ಮುಖಕ್ಕೆ ನೀರೆರಚಿತು.

"ಹೇಳು. ಎಲ್ಲೀದು ಇದು?"

ಆಂಜಿ ಮಾವನ ಮುಖ ನೋಡಿದ, ಗೌಸ್‌ನ ಮುಖ ನೋಡಿದ. ಹಿಡಿದೆ ಅಂದರೆ ಕಳ್ಳ. ಕೊಂಡೆ ಅಂದರೆ ಸುಳ್ಳ. ಬೆನ್ನಲ್ಲಿ ಬೆವರು ಕೆರೆಯ ಕೋಡಿಯಂತೆ ಹರಿಯಿತು. ಹೋದರೆ ಕೆಲಸ ಹೋಗಲಿ, ಹಿಡಿದದ್ದು ಹಿಡಿದದ್ದೇ ಎಂದು ಎದೆಯುಬ್ಬಿಸಿ ಬಾಯಿ ತೆರೆದ. ಅಷ್ಟರಲ್ಲಿ ಗೌಸ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಅರೆ ಸೊಣ್ಣಪ್ಪ, ತಲೆ ಕೆಟ್ಟದಾ ನಿಂಗೆ? ಇವನು ಮೀನು ಹಿಡಿಯೋದಾ? ಮೂರು ವರ್ಷದಿಂದ ಭಾನುವಾರ ಭಾನುವಾರ ನನ್ ಅಂಗಡೀಲೇ ತಗೊಳ್ಳೋದು. ಪಾಪ, ಗಾಳಕ್ಕೆ ಸಿಕ್ಕಿಸಿ ಫೋಟೋ ತೆಕ್ಕೋತಾನೆ. ಕೆರೆ ನಂದು, ನಾನೇ ಹೇಳ್ತೀನಿ, ಇವನು ಕಳ್ಳ ಅಲ್ಲ. ಬಿಡು."

ಸೊಣ್ಣಪ್ಪನಿಗೂ ಅದು ಸರಿ ಕಂಡಿತು. "ಹೌದಲ್ವಾ," ಅಂದು ಮುಖ ಒರೆಸಿಕೊಂಡು ಹೊರಟ.

ದೊಡ್ಡವೆಂಕಟಪ್ಪ ಫೋನು ತೆಗೆದು ಫೋಟೋಗಳನ್ನು ಒಂದೊಂದಾಗಿ ಸರಿಸಿದ.

"ಎಲ್ಲಾನೂ ಅಂಗಡೀದೇನಾ?"

"ಒಂದೂ ಬಿಡದಂಗೆ," ಅಂದ ಗೌಸ್, ವ್ಯಾಪಾರದ ಹೆಮ್ಮೆಯಲ್ಲಿ.

ಮಾವ ಹಾಲಿನ ಪಾತ್ರೆಯನ್ನು ಆಂಜಿಯ ಕೈಗಿಟ್ಟ. "ಸಾರು ನೀವೇ ಉಣ್ಣಿ. ಏಳು ಗಂಟೆ ಬಸ್ಸಿಗೆ ನಾ ಹೊರಡ್ತೀನಿ. ಆ ಲಾರಿಯವರಿಗೆ ಏನ್ ಹೇಳ್ಲೋ, ದೇವುಡಾ."

ಎಲ್ಲರೂ ಹೋದ ಮೇಲೆ ಗೌಸ್ ಹತ್ತಿರ ಬಂದು, ಮನಸ್ಸಿಗೆ ನೋವಾದವನ ಹಾಗೆ ದನಿ ತಗ್ಗಿಸಿದ.

"ನಿಜ ಹೇಳು. ನಾನಿಲ್ಲ ಅಂತ ಬೇರೆ ಯಾರ ಹತ್ರ ತಗೊಂಡೆ?"

"ಭಾಯ್," ಆಂಜಿಗೆ ಅಳುವೇ ಬಂತು, ಕೊಯ್ದ ಅಂಗೈ ಮುಂದೆ ಚಾಚಿದ. "ನಿಮ್ ಕೆರೇಲಿ ನಾನೇ ಹಿಡಿದೆ. ನಿಮ್ಮಾಣೆ."

ಗೌಸ್ ಅವನ ಬೆನ್ನು ತಟ್ಟಿದ.

"ನನ್ ಹತ್ರಾನೂ ಅದೇ ಬುರುಡೇನಾ? ಮುಂದಿನ ವಾರ ಬಾ. ಇದಕ್ಕಿಂತ ದೊಡ್ಡದು ಎತ್ತಿಟ್ಟಿರ್ತೀನಿ, ಫೋಟೋನೂ ನಾನೇ ತೆಗೀತೀನಿ."