ಮೃತ್ಯುಂಜಯನ ಮೆನುವಿಜಯ

ಮೂಷಕಾರೂಢನಾದ ವಿಘ್ನೇಶ್ವರನೇ, ನಿನ್ನ ವಾಹನಕ್ಕೆ ಬಾಲವಿರುವಂತೆ ನಮ್ಮ ನಾಯಕನ ಕಂಪ್ಯೂಟರ್ ಮೌಸಿಗೂ ವೈರಿನ ಬಾಲವುಂಟು. ಎರಡೂ ಒಂದೇ ಕುಲವೆಂದು ಬಗೆದು, ಈ ಕಥೆಯನ್ನು ನಡುವೆ ಹ್ಯಾಂಗ್ ಆಗದಂತೆ ದಡ ಮುಟ್ಟಿಸು. ಕಲಿಯುಗದಲ್ಲಿ, ಮಗ್ಗನಿನಾದಮುಖರಿತವಾದ ಬೆಟಗೇರಿಯಲ್ಲಿ, ಸರಳಮೆನುನಿರ್ಮಾಣಧುರಂಧರನೂ ಗಣಕಭೀತಜನಬಂಧುವೂ ಆದ ಮೃತ್ಯುಂಜಯ ಕೌಜಲಗಿಯೆಂಬ ವೀರನಿದ್ದನು. ಈ ಬಿರುದುಗಳನ್ನು ಅವನಿಗೆ ಕೊಟ್ಟವನು ಅವನೇ.

ಅವನು ಅಲ್ಲಿನ ರೊಟ್ಟಿ ಕೇಂದ್ರದ ಹೆಂಗಸರಿಗೆ ಆರ್ಡರ್ ಬರೆದಿಡುವ ಪ್ರೋಗ್ರಾಮೊಂದನ್ನು ರಚಿಸಿಕೊಟ್ಟಿದ್ದನು. ಮೆನುವಿನಲ್ಲಿ ಮೂರೇ ಮಾತು: ಹೊಸ ಆರ್ಡರ್, ಹಳೆ ಆರ್ಡರ್, ಮುಚ್ಚು. ಸಂಜೆ ‘ಮುಚ್ಚು’ ಒತ್ತಿದರೆ ದಿನದ ಆರ್ಡರೆಲ್ಲ ಉಳಿಯುವುದು; ಒತ್ತದಿದ್ದರೆ ಗಾಳಿಪಾಲು.

“ನನ್ನ ಮೆನುವನ್ನು ಹಾಲುಗಲ್ಲದ ಕೂಸೂ ಆಳೀತು. ಆಳದಿದ್ದರೆ ಈ ಮೀಸೆ ಬೋಳಿಸಿ ಬೆಟಗೇರಿ ಬಿಟ್ಟೇನು” ಎಂದು ಅವನು ಚಹಾದಂಗಡಿಯ ಮಹಾಸಭೆಯಲ್ಲಿ ಗರ್ಜಿಸಿಯೂ ಇದ್ದನು.

ಆದರೇನು, ದಿನವೂ ಆರ್ಡರು ಮಾಯ. ಸೀಮಂತದ ಮನೆಯವರೊಬ್ಬರು ರೊಟ್ಟಿಯಿಲ್ಲದೆ ಪಂಕ್ತಿಗೆ ಬರೀ ಅನ್ನ ಬಡಿಸಿ, ಕೇಂದ್ರಕ್ಕೆ ಬಂದು ಬಾಯಿತುಂಬ ಬೈದು ಹೋದರು. ಜೋಳರೊಟ್ಟಿತಾಡನಪ್ರಚಂಡಹಸ್ತೆಯಾದ ಯಜಮಾನಿ ಬಾಳವ್ವ, ಇನ್ನೊಮ್ಮೆ ಹೀಗಾದರೆ ಈ ಡಬ್ಬಿಯನ್ನು ಅಟ್ಟಕ್ಕೆಸೆದು ಮೊದಲಿನಂತೆ ಗೋಡೆಯ ಮೇಲೆ ಇದ್ದಲಿಯಿಂದ ಬರೆಯುವೆನೆಂದು ಸಾರಿದಳು. ಮೃತ್ಯುಂಜಯನಿಗಿದ್ದ ಗಿರಾಕಿ ಅವಳೊಬ್ಬಳೇ.

ವೀರನು ಯುದ್ಧಕ್ಕಿಳಿದನು. ‘ಮುಚ್ಚು’ವನ್ನು ಅಂಗೈಯಗಲ ಹಿಗ್ಗಿಸಿದನು, ಯಾರೂ ಒತ್ತಲಿಲ್ಲ. ಕೆಂಪು ಬಳಿದನು, ಯಾರೂ ಅತ್ತ ತಿರುಗಲಿಲ್ಲ. ಕಡೆಗೆ ರೋಷಾವೇಶಘೂರ್ಣಿತನೇತ್ರನಾಗಿ ‘ಖಂಡಿತವಾಗಿ ಮುಚ್ಚಿ’ ಎಂಬ ಫಲಕವನ್ನು ಪರದೆಯ ನಡುವೆ ಕುಣಿಸಿ, ಸಂಜೆ ಬಾಗಿಲ ಮರೆಯಲ್ಲಿ ನಿಂತು ನೋಡಿದನು. ಬಾಳವ್ವ ಫಲಕಕ್ಕೆ ಕೈಮುಗಿದು, ಮೇಜಿನ ಹಿಂದೆ ಹೋಗಿ, ಪ್ಲಗ್ಗನ್ನೇ ಕಿತ್ತಳು. ಅಯ್ಯೋ ಶಿವನೇ, ದಿನವೂ ನಡೆದದ್ದು ಇದೇ! ಅವನು ಹಾರಿಬಂದು ಕಾರಣ ಕೇಳಿದನು.

“ನಾಕ ಮಂದಿಗೆ ಅನ್ನಾ ಹಾಕೂ ಜಾಗಾ ತಮ್ಮಾ ಇದು. ದೀಪಾ ಹಚ್ಚೂ ಹೊತ್ತಿನ್ಯಾಗ ಮುಚ್ಚು ಅಂತ ಹೆಂಗ ಒತ್ಲಿ? ಬಾಗಲಾ ಹಾಕೂಮುಂದ ನಾವು ನಾಳೆ ಬರ್ತೀವಿ ಅಂತೇವಿ.”

ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದಿದ್ದಕ್ಕೆ ಅವ್ವನ ಕೈಲಿ ಬೈಸಿಕೊಂಡದ್ದು ವೀರನಿಗೆ ನೆನಪಾಗಿ ಕಿವಿ ಬಿಸಿಯಾಯಿತು. ಮರುಗಳಿಗೆಯಲ್ಲಿ ‘ಮುಚ್ಚು’ವನ್ನು ನಿರ್ನಾಮ ಮಾಡಿ, ಅದರ ಜಾಗದಲ್ಲಿ ‘ನಾಳೆ ಬರ್ತೀವಿ’ ಎಂದು ಪ್ರತಿಷ್ಠಾಪಿಸಿದನು. ಬಾಳವ್ವ ನಗುನಗುತ್ತ ಒತ್ತತೊಡಗಿದಳು. ಆ ವಾರ ಒಂದು ಆರ್ಡರೂ ಕಳೆಯಲಿಲ್ಲ.

ಶನಿವಾರ ಸಂಜೆ ದಿಗ್ವಿಜಯಿಯು ಮೀಸೆ ಹುರಿಮಾಡುತ್ತ ಬಂದು ನೋಡಿದರೆ, ಬಾಳವ್ವ ಮತ್ತೆ ಪ್ಲಗ್ಗಿನತ್ತ ಬಾಗಿದ್ದಳು. ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

“ಈಗೇನಾತ್ರಿ ಅಕ್ಕಾರ?”

“ನಾಳೆ ಆದಿತ್ವಾರ, ಸೂಟಿ. ಬರ್ತೀವಿ ಅಂತ ಸುಳ್ಳ ಯಾಕ ಹೇಳ್ಲಿ?”

ಆಗ ಆ ಅಪ್ರತಿಹತಪರಾಕ್ರಮನು, ಚತುರ್ದಶಭುವನಗಳೂ ಉಸಿರು ಬಿಗಿಹಿಡಿದಿರಲು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯನ್ನೇರಿ, ‘ನಾಳೆ’ ಎಂಬುದನ್ನು ಅಳಿಸಿದನು. ಬಾಳವ್ವ ‘ಬರ್ತೀವಿ’ ಒತ್ತಿ, ಬಾಗಿಲು ಹಾಕಿಕೊಂಡು ಹೋದಳು. ಆರ್ಡರು ಉಳಿದವು. ಮೀಸೆಯೂ ಉಳಿಯಿತು.