ಸೀನಿದ ಕುರಿ

ಹೆಂಡತಿ: ಕುರಿಗೆ ಯಾರಾದ್ರೂ ಆಶೀರ್ವಾದ ಮಾಡ್ತಾರೇನ್ರೀ?

ಗಂಡ: ಬೇಕು ಅಂತ ಮಾಡಿದ್ನಾ? ಕತ್ತಿ ಎತ್ತಿದೆ, ಅದು ಸೀನ್ತು. ಮನೇಲಿ ಮೊಮ್ಮಗು ಸೀನಿದಾಗೆಲ್ಲ ಹೇಳಿ ಹೇಳಿ ಅಭ್ಯಾಸ. 'ನೂರು ವರ್ಷ ಬಾಳಪ್ಪ' ಅಂದ್ಬಿಟ್ಟೆ.

ಮಾಂಸದಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ಕುರಿ ಹಿತ್ತಲಲ್ಲಿ ಕಟ್ಟಿತ್ತು, ಕತ್ತಿ ಗಂಡನ ಮಡಿಲಲ್ಲಿ ತಣ್ಣಗೆ ಮಲಗಿತ್ತು. ಹೆಂಡತಿ ನೆಲ ತೊಳೆಯುತ್ತಿದ್ದಳು.

ಹೆಂಡತಿ: ಸರಿ, ಅಂದಿದ್ದಾಯ್ತು. ಈಗ ಹೋಗಿ ಕಡೀರಿ.

ಗಂಡ: ನೂರು ವರ್ಷ ಅಂದ ಬಾಯಿ ಇನ್ನೂ ಮುಚ್ಚಿಲ್ಲ ಕಣೇ.

ಹೆಂಡತಿ: ಇಷ್ಟು ದಿನ ಕಡಿದ ಕುರಿಗಳು?

ಗಂಡ: ಅವು ಸೀನಲಿಲ್ಲ.

ಹೆಂಡತಿ: ಓಹೋ! ನೆಗಡಿ ಬಂದೋರು ಬದುಕ್ಬೇಕು, ಗಟ್ಟಿಮುಟ್ಟಾಗಿರೋರು ಸಾಯ್ಬೇಕು. ಚೆನ್ನಾಗಿದೆ ನಿಮ್ಮ ಧರ್ಮ! ಜಡ್ಜ್ ಸಾಹೇಬ್ರ ಮನೆಗೆ ಇವತ್ತು ಬೀಗರು ಬರ್ತಾರೆ, ಇಡೀ ಕುರಿ ಹೇಳಿದ್ದಾರೆ. ಅವರು ಬೇರೆ ಅಂಗಡಿ ಹತ್ತಿದ್ರೆ ಇಡೀ ಬೀದಿ ಅವರ ಹಿಂದೇನೇ ಹೋಗುತ್ತೆ. ಆಮೇಲೆ ನಾವೂ ಹುಲ್ಲು ಮೇಯೋಣ!

ಅಷ್ಟರಲ್ಲಿ ನಿವೃತ್ತ ಜಡ್ಜ್ ಚೀಲ ಹಿಡಿದು ಬಂದರು.

ಜಡ್ಜ್: ರೆಡಿನಾ?

ಹೆಂಡತಿ: ಕುರಿ ರೆಡಿ ಇದೆ ಸಾರ್. ಇವರೇ ಇಲ್ಲ.

ಗಂಡ: ಸಾರ್, ನಾನು ಅದಕ್ಕೆ ಮಾತು ಕೊಟ್ಬಿಟ್ಟಿದ್ದೀನಿ.

ಜಡ್ಜ್ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು.

ಜಡ್ಜ್: ಮಾತು ಕೊಟ್ಟದ್ದಕ್ಕೆ ಸಾಕ್ಷಿ?

ಗಂಡ: ಕುರಿ.

ಜಡ್ಜ್: ಅದು ಬಾಯಿ ಬಿಡಲ್ಲ, ಬಿಡು.

ಗಂಡ: ಬಾಯಿಲ್ಲದೋರಿಗೆ ಕೊಟ್ಟ ಮಾತು ಮುರೀಬಹುದಾ ಸಾರ್?

ಜಡ್ಜ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

ಜಡ್ಜ್: ನೋಡಪ್ಪ, ಹುಲಿ ಜಿಂಕೇನ ತಿನ್ನಲ್ವಾ? ಅದು ಪ್ರಕೃತಿ.

ಗಂಡ: ಹುಲಿ ತಾನೇ ಹಿಡಿಯುತ್ತೆ ಸಾರ್. ಚೀಲ ತಗೊಂಡು ಅಂಗಡಿಗೆ ಬರಲ್ಲ.

ಜಡ್ಜ್: ನನಗೇ ಹೇಳ್ತೀಯಾ? ಎಂಥೆಂಥವರಿಗೆ ಶಿಕ್ಷೆ ಬರೆದ ಕೈ ಇದು! ಕೊಡು ಇಲ್ಲಿ ಕತ್ತಿ!

ಕತ್ತಿ ಕಿತ್ತುಕೊಂಡು ಹಿತ್ತಲಿಗೆ ನಡೆದೇಬಿಟ್ಟರು.

ಹೆಂಡತಿ: ನೋಡಿ, ಗಂಡಸು ಅಂದ್ರೆ ಅವರು!

ಹಿತ್ತಲಿನಿಂದ ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಏನೋ ಪಿಸುಮಾತು. ಆಮೇಲೆ ಏನೂ ಇಲ್ಲ. ಗಂಡ ಕಣ್ಣು ಮುಚ್ಚಿಕೊಂಡ. ಹೊಗಳಿದವಳೂ ಪೊರಕೆಯನ್ನು ಎದೆಗೆ ಅವುಚಿಕೊಂಡಳು.

ಜಡ್ಜ್ ಹೊರಬಂದರು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕುರಿ, ಕುರಿಯ ಕೊರಳಿಗೆ ಜಡ್ಜರ ಮಫ್ಲರು.

ಹೆಂಡತಿ: ಎಲ್ಲಿಗೆ ಸಾರ್?

ಜಡ್ಜ್: ನಮ್ಮನೆಗೆ. ನಿಮ್ಮಂಥ ಕಲ್ಲು ಮನಸ್ಸಿನೋರ ಹತ್ತಿರ ಬಿಟ್ಟು ಹೋಗಲಾ? ಹೇಗೆ ನಡುಗ್ತಿದೆ ನೋಡಿ, ಪಾಪ!

ಗಂಡ: ದೊಡ್ಡ ಮನಸ್ಸು ಸಾರ್ ನಿಮ್ಮದು.

ಹೆಂಡತಿ: ಅದೆಲ್ಲ ಸರಿ, ಬೀಗರ ಊಟಕ್ಕೆ?

ಜಡ್ಜ್ ಬಗ್ಗಿ, ಎರಡೂ ಕೈಗಳಿಂದ ಕುರಿಯ ಕಿವಿ ಮುಚ್ಚಿದರು.

ಜಡ್ಜ್: ನಾಲ್ಕು ಕೋಳಿ ಕಳಿಸಿ. ಅವುಗಳ ಮುಖ ಮಾತ್ರ ನನಗೆ ತೋರಿಸ್ಬೇಡಿ.